ಬಾಗುವುದು ಯಾರ ಮುಂದೆ?

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಆಸ್ಟ್ರಿಯದ ಲಿಂಟ್ಸ್ ನಗರದ ಬಿಷಪ್ಪರ ಮನೆಗೆ ಒಬ್ಬ ರೈತ ಬಂದ. ಜೊತೆಯಲ್ಲಿ ಬಂದ ಹೆಂಡತಿ ಹೊರಗೆ ಕಾಯುತ್ತ ನಿಂತಳು. ಅವನು ಕೆಲವು ಪ್ರಶ್ನೆಗಳನ್ನು ಬರೆದುಕೊಂಡು ತಂದಿದ್ದ. ಹಿಟ್ಲರನ ಯುದ್ಧ ಅನ್ಯಾಯದ್ದು ಎಂದು ಮನಸ್ಸಾಕ್ಷಿ ಹೇಳುತ್ತಿರುವಾಗ ಆ ಯುದ್ಧಕ್ಕೆ ಬಂದೂಕು ಹಿಡಿದು ಹೊರಡುವುದು ಪಾಪವಲ್ಲವೇ? ಅವನ ಪ್ರಶ್ನೆಗಳೆಲ್ಲ ಸುತ್ತಿ ಬಂದು ನಿಲ್ಲುತ್ತಿದ್ದದ್ದು ಇಲ್ಲಿಗೆ. ಬಿಷಪ್ ಯೋಸೆಫ್ ಫ್ಲೀಸರ್ ಕೊಟ್ಟ ಉತ್ತರದ ತಿರುಳು ಇಷ್ಟು: ಯುದ್ಧ ನ್ಯಾಯವೋ ಅನ್ಯಾಯವೋ ಎಂದು ತೀರ್ಮಾನಿಸುವುದು ಸಾಮಾನ್ಯ ಪ್ರಜೆಯ ಕೆಲಸವಲ್ಲ, ನಿನ್ನ ಹೊಣೆ ನಿನ್ನ ಹೆಂಡತಿ ಮಕ್ಕಳು. ರೈತ ಬೇಸರದಿಂದ ಹೊರಗೆ ಬಂದ. ಬಿಷಪ್ಪರಿಗೆ ತನ್ನೊಡನೆ ಮನಬಿಚ್ಚಿ ಮಾತಾಡುವ ಧೈರ್ಯವಿರಲಿಲ್ಲ, ತಾನು ಗೂಢಚಾರನಿರಬಹುದೆಂದು ಅಳುಕಿರಬೇಕು ಎಂದು ಹೆಂಡತಿಗೆ ಹೇಳಿದ.

ಆ ರೈತನ ಹೆಸರು ಫ್ರಾಂಜ್ ಯೇಗರ್‌ಸ್ಟೆಟರ್. 1943ರ ಆಗಸ್ಟ್ 9ರಂದು, ತನ್ನ 36ನೆಯ ವಯಸ್ಸಿನಲ್ಲಿ, ಬ್ರಾಂಡೆನ್‌ಬುರ್ಗ್ ಸೆರೆಮನೆಯ ಗಿಲೊಟಿನ್‌ಗೆ ತಲೆ ಕೊಟ್ಟ.

ಅವನ ಮೇಲೆ ನ್ಯಾಯಾಲಯ ಹೊರಿಸಿದ ಆರೋಪ ಸೇನೆಯ ಸ್ಥೈರ್ಯ ಕುಂದಿಸಿದ ಎಂಬುದು. ಆದರೆ ಅದಕ್ಕಿಂತ ಮೊದಲೇ, ಅದಕ್ಕಿಂತ ಹರಿತವಾದ ಇನ್ನೊಂದು ಆರೋಪ ಅವನ ಸುತ್ತ ಸುಳಿದಾಡುತ್ತಿತ್ತು, ಮತ್ತು ಅದು ಧರ್ಮದ ಭಾಷೆಯಲ್ಲೇ ಇತ್ತು. ಪಾದ್ರಿಗಳು ಸುಮ್ಮನಿದ್ದಾರೆ, ಬಿಷಪ್ಪರು ಹೋಗು ಎನ್ನುತ್ತಾರೆ, ಲಕ್ಷಾಂತರ ಒಳ್ಳೆಯ ಕ್ರೈಸ್ತರು ಸಮವಸ್ತ್ರ ತೊಟ್ಟು ಹೊರಟಿದ್ದಾರೆ; ಇಷ್ಟು ಜನಕ್ಕೆ ಕಾಣದ ಸತ್ಯ ಹಳ್ಳಿಯ ಶಾಲೆಯಲ್ಲಿ ಓದಿದ ನಿನ್ನೊಬ್ಬನಿಗೆ ಕಂಡಿತೇ? ನಿನ್ನ ದೀನತೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೇವರ ಮುಂದೆ ತಗ್ಗಿಸಿಕೊಳ್ಳುವುದು ಕ್ರೈಸ್ತ ಬದುಕಿನ ಮೊದಲ ಪಾಠವಾದರೆ, ತನ್ನ ಸಭೆಯ ಹಿರಿಯರ ಮಾತನ್ನು ಮೀರಿ ನಿಲ್ಲುವವನು ಆ ಪಾಠವನ್ನೇ ಮರೆತವನಲ್ಲವೇ?

ಅಲ್ಲ ಎಂಬುದು ನನ್ನ ವಾದ. ಆ ಪಾಠವನ್ನು ಪೂರ್ತಿ ಕಲಿತವರು ಮಾತ್ರ ಹಾಗೆ ನಿಲ್ಲಬಲ್ಲರು.

ಅವನ ಬದುಕನ್ನು ಸ್ವಲ್ಪ ನೋಡೋಣ. 1907ರಲ್ಲಿ ಸಾಲ್ಟ್ಸಾಖ್ ನದಿಯ ಸಮೀಪದ ಸೇಂಟ್ ರಾಡೆಗುಂಡ್ ಎಂಬ ಪುಟ್ಟ ಹಳ್ಳಿಯಲ್ಲಿ ಹುಟ್ಟಿದ. ತಾಯಿ ಮದುವೆಯಾಗದ ಕೂಲಿ ಹೆಂಗಸು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಸತ್ತ. ಆಮೇಲೆ ತಾಯಿಯನ್ನು ಮದುವೆಯಾದ ರೈತ ಮಗುವಿಗೆ ತನ್ನ ಹೆಸರು ಕೊಟ್ಟ. ಹರೆಯದಲ್ಲಿ ಫ್ರಾಂಜ್ ಸಾಧುವೇನಲ್ಲ. ಊರಿಗೆ ಮೊದಲ ಮೋಟಾರ್ ಬೈಕ್ ತಂದವನು ಅವನೇ, ಹೊಡೆದಾಟಕ್ಕೂ ಸೈ, ಮದುವೆಗೆ ಮುಂಚೆಯೇ ಒಂದು ಹೆಣ್ಣುಮಗುವಿನ ತಂದೆಯಾದ. 1936ರಲ್ಲಿ ಫ್ರಾಂಜಿಸ್ಕಾಳನ್ನು ಮದುವೆಯಾಗಿ ಇಬ್ಬರೂ ರೋಮ್‌ಗೆ ಯಾತ್ರೆ ಹೋಗಿ ಬಂದರು. ಅಲ್ಲಿಂದಾಚೆ ಅವನ ಪ್ರಾರ್ಥನೆ ಆಳವಾಗುತ್ತ ಹೋಯಿತು. ಮೂವರು ಹೆಣ್ಣುಮಕ್ಕಳಾದರು. ಸೇನೆಯ ತರಬೇತಿಯಲ್ಲಿದ್ದಾಗಲೇ, 1940ರಲ್ಲಿ, ಅಸ್ಸಿಸಿಯ ಫ್ರಾನ್ಸಿಸರ ಮೂರನೆಯ ಸಭೆಗೆ, ಅಂದರೆ ಗೃಹಸ್ಥರ ಸಭೆಗೆ ಸೇರಿದ. ಊರಿಗೆ ಮರಳಿದ ಮೇಲೆ ಚರ್ಚಿನ ಗಂಟೆ, ದೀಪ, ಬಾಗಿಲುಗಳನ್ನು ನೋಡಿಕೊಳ್ಳುವ ಸೇವಕನಾದ. ತಾನು ತಪ್ಪು ಮಾಡಬಲ್ಲವನು ಎಂಬುದನ್ನು ಅವನಿಗೆ ಯಾವ ಪ್ರವಚನವೂ ಕಲಿಸಬೇಕಾಗಿರಲಿಲ್ಲ. ಸ್ವಂತ ಅನುಭವದಿಂದಲೇ ಅದು ಗೊತ್ತಿತ್ತು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ. ಆಸ್ಟ್ರಿಯದ ಬಿಷಪ್ಪರು ಕೂಡಿ ಅದನ್ನು ಸ್ವಾಗತಿಸುವ ಹೇಳಿಕೆ ಹೊರಡಿಸಿದರು, ಅದನ್ನು ಚರ್ಚುಗಳಲ್ಲಿ ಓದಲಾಯಿತು. ಏಪ್ರಿಲ್ 10ರ ಜನಮತಗಣನೆಯಲ್ಲಿ ಸೇಂಟ್ ರಾಡೆಗುಂಡ್‌ನಲ್ಲಿ ವಿರುದ್ಧ ಬಿದ್ದದ್ದು ಯೇಗರ್‌ಸ್ಟೆಟರನ ಒಂದೇ ಮತ. ಊರಿನ ಅಧಿಕಾರಿಗಳು ಅದನ್ನೂ ಮುಚ್ಚಿಟ್ಟು ನೂರಕ್ಕೆ ನೂರು ಎಂದು ಲೆಕ್ಕ ಕಳಿಸಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಾಜಿ ಮತವೂ ಕ್ರೈಸ್ತ ವಿಶ್ವಾಸವೂ ಒಟ್ಟಿಗೆ ಬಾಳಲಾರವು ಎಂಬುದು ಅವನು ತಾನಾಗಿ ಕಂಡುಹಿಡಿದ ಸಿದ್ಧಾಂತವಲ್ಲ. ಅದೇ ಲಿಂಟ್ಸ್ ಧರ್ಮಪ್ರಾಂತ್ಯದ ಹಿಂದಿನ ಬಿಷಪ್ ಯೋಹಾನೆಸ್ ಗ್ಫೆಲ್‌ನರ್ 1933ರ ಜನವರಿಯಲ್ಲಿ ಹೊರಡಿಸಿದ ಪತ್ರದಲ್ಲಿ ಒಳ್ಳೆಯ ಕಥೋಲಿಕನೂ ನಿಜವಾದ ನಾಜಿಯೂ ಒಬ್ಬನೇ ಆಗಿರಲು ಸಾಧ್ಯವಿಲ್ಲ ಎಂದು ಸ್ಪಷ್ಟವಾಗಿ ಬೋಧಿಸಿದ್ದರು. ರೈತ ಆ ಬೋಧನೆಯನ್ನು ವಿಧೇಯನಾಗಿ ಮನಸ್ಸಿಗೆ ತೆಗೆದುಕೊಂಡಿದ್ದ. ಆಮೇಲೆ ಕಾಲ ಬದಲಾಯಿತು, ಬೋಧಕರ ದನಿ ತಗ್ಗಿತು, ಅವನು ಮಾತ್ರ ಕಲಿತದ್ದನ್ನು ಬಿಡಲಿಲ್ಲ. ಅವನನ್ನು ಅಹಂಕಾರಿ ಎನ್ನುವವರು ಇದನ್ನು ತೂಗಿ ನೋಡಬೇಕು. ಸಭೆಗೆ ಅವಿಧೇಯನಾದವನು ಅವನೋ, ಅಥವಾ ಸಭೆ ಹೇಳಿಕೊಟ್ಟದ್ದನ್ನು ಸಭೆಯೇ ಮರೆತಾಗ ನೆನಪಿಟ್ಟುಕೊಂಡವನು ಅವನೋ?

ಈಗ ವೇದವಾಕ್ಯಕ್ಕೆ ಬರುತ್ತೇನೆ. ಯಾಕೋಬನು ಬರೆದ ಪತ್ರಿಕೆ ಐದೇ ಅಧ್ಯಾಯದ್ದು. ಅದರ ನಾಲ್ಕನೆಯ ಅಧ್ಯಾಯದಲ್ಲಿ ದೇವರಿಗೆ ಅಧೀನರಾಗುವುದು, ಸೈತಾನನನ್ನು ಎದುರಿಸುವುದು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಅದಕ್ಕೆ ತುಸು ಮುಂಚೆ, ಜ್ಞಾನೋಕ್ತಿಗಳನ್ನು ಆಧರಿಸಿ, ಗರ್ವಿಗಳಿಗೆ ದೇವರೇ ಎದುರಾಳಿ ಎನ್ನುತ್ತಾನೆ ಲೇಖಕ. ಪೇತ್ರನ ಮೊದಲ ಪತ್ರಿಕೆಯ ಐದನೆಯ ಅಧ್ಯಾಯದಲ್ಲೂ ಇದೇ ಜೋಡಣೆ, ಇದೇ ಆಧಾರವಾಕ್ಯ. ಮೂಲ ಗ್ರೀಕ್ ಪದಗಳನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ‘ಟಾಸ್ಸೊ’ ಎಂದರೆ ಸಾಲುಗಟ್ಟಿಸು, ಅಣಿಗೊಳಿಸು. ದಂಡನ್ನು ಅಣಿಮಾಡುವಾಗಲೂ ಬಳಸುತ್ತಿದ್ದ ಮಾತು. ಅಧೀನನಾಗು ಎಂಬುದಕ್ಕೆ ಇರುವ ‘ಹುಪೊಟಾಸ್ಸೊ’ ಇದರಿಂದಲೇ ಬಂದದ್ದು: ಒಬ್ಬನ ಕೈಕೆಳಗೆ ಸಾಲಿನಲ್ಲಿ ನಿಲ್ಲು. ದೇವರು ಗರ್ವಿಗಳನ್ನು ಎದುರಿಸುತ್ತಾನೆ ಎನ್ನುವಲ್ಲಿರುವ ‘ಆಂಟಿಟಾಸ್ಸೊ’ ಕೂಡ ಅದೇ ಬೇರಿನದು: ಎದುರಿಗೆ ಅಣಿಯಾಗಿ ನಿಲ್ಲು. ಹೀಗೆ ನೋಡಿದರೆ ದೀನತೆಯೆಂದರೆ ಕುಗ್ಗಿ ಮೂಲೆ ಸೇರುವುದಲ್ಲ, ಯಾರ ದಂಡಿನಲ್ಲಿ ನಿಂತಿದ್ದೇನೆ ಎಂದು ಗೊತ್ತುಮಾಡಿಕೊಂಡು ಅಲ್ಲಿ ನಿಲ್ಲುವುದು. ಒಬ್ಬ ಒಡೆಯನ ಸಾಲಿನಲ್ಲಿ ನಿಂತವನಿಗೆ ಅವನ ಶತ್ರುವಿನ ಎದುರು ನಿಲ್ಲುವುದು ಬೇರೆ ಕೆಲಸವಲ್ಲ.

ಹಾಗಾದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ? ಅಧಿಕಾರಿಗಳಿಗೆ ಅಧೀನರಾಗಿರಬೇಕು ಎಂದು ಪೌಲ ಬರೆದದ್ದು ಅಲ್ಲಿ. ಇದೇ ಗ್ರೀಕ್ ಪದಗಳು ಅಲ್ಲಿಯೂ ಇವೆ: ಅಧೀನನಾಗುವುದು, ಎದುರು ಅಣಿಯಾಗುವುದು, ಎದುರಿಸುವುದು. ಹಿಟ್ಲರನ ಕಾಲದ ಜರ್ಮನ್ ಚರ್ಚುಗಳಲ್ಲಿ ವಿಧೇಯತೆಯ ಪ್ರವಚನಕ್ಕೆ ಈ ಅಧ್ಯಾಯವೇ ಊರುಗೋಲಾಯಿತು. ಯೇಗರ್‌ಸ್ಟೆಟರನಿಗೂ ಈ ವಾದ ಗೊತ್ತಿತ್ತು. ಆದರೆ ಪೌಲ ಅಲ್ಲಿ ಅಧಿಕಾರಿಯನ್ನು ಒಳಿತಿಗಾಗಿ ದೇವರು ಇಟ್ಟ ಸೇವಕ ಎನ್ನುತ್ತಾನೆ. ಸೇವಕನೇ ಒಡೆಯನ ಆಜ್ಞೆಗೆ ವಿರುದ್ಧವಾಗಿ ಕರೆದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಯೆರೂಸಲೇಮಿನ ನ್ಯಾಯಸಭೆಯ ಮುಂದೆ ಅಪೊಸ್ತಲರು ಮೊದಲೇ ಉತ್ತರ ಕೊಟ್ಟಿದ್ದರು: ಮನುಷ್ಯರಿಗಿಂತ ದೇವರ ಮಾತು ಮೊದಲು. ರೋಮಾಪುರದವರಿಗೆ ಈ ಮಾತು ಬರೆದ ಪೌಲನ ಬದುಕಿನ ಎಷ್ಟೋ ದಿನಗಳು ಅದೇ ಅಧಿಕಾರದ ಸೆರೆಮನೆಗಳಲ್ಲಿ ಕಳೆದವು.

ಯಾಕೋಬನ ಪತ್ರಿಕೆಯನ್ನು ಓದುವಾಗ ನನ್ನನ್ನು ಕಾಡುವ ಇನ್ನೊಂದು ಸಂಗತಿಯಿದೆ. ತಗ್ಗಿಸಿಕೊಳ್ಳಿ ಎಂದು ಅವನು ಹೇಳುತ್ತಿರುವುದು ಯಾರಿಗೆ? ಆಸೆಗಾಗಿ ಜಗಳವಾಡುವವರಿಗೆ. ನಾಳೆ ಆ ಪಟ್ಟಣಕ್ಕೆ ಹೋಗಿ ವರ್ಷವಿಡೀ ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಬೀಗುವವರಿಗೆ. ಚಿನ್ನದುಂಗುರದವನಿಗೆ ಮುಂದಿನ ಆಸನ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸುವ ಸಭೆಗೆ. ಮುಂದಿನ ಅಧ್ಯಾಯದಲ್ಲಿ ಹೊಲ ಕೊಯ್ದವರ ಕೂಲಿ ಹಿಡಿದಿಟ್ಟ ಸಿರಿವಂತರ ಮೇಲೆ ಅವನ ಸಿಟ್ಟು ಸಿಡಿಯುತ್ತದೆ. ಮೇಲಿದ್ದವರಿಗೆ ಹೇಳಿದ ಮಾತನ್ನು ನಾವು ಕೆಳಗಿದ್ದವರ ಕಡೆಗೆ ತಿರುಗಿಸಿಕೊಂಡಿದ್ದೇವೆ. ಗಂಡನ ಹೊಡೆತ ತಿಂದು ಪಾಸ್ಟರ ಮನೆಗೆ ಬರುವ ಹೆಂಗಸಿಗೆ ‘ತಗ್ಗಿಸಿಕೊಂಡು ಹೋಗಮ್ಮ, ಪ್ರಾರ್ಥನೆ ಮಾಡು’ ಎಂಬ ಉತ್ತರ ಸಿಗುತ್ತದೆ. ಹೊಡೆದವನನ್ನು ಕರೆದು ‘ನೀನು ತಗ್ಗಿಸಿಕೋ’ ಎಂದು ಹೇಳುವವರು ಅಪರೂಪ. ಸಭೆಯ ಲೆಕ್ಕಪತ್ರ ಕೇಳಿದ ಯುವಕನಿಗೆ ದೀನತೆಯಿಲ್ಲ ಎನ್ನುತ್ತೇವೆ. ಜಾತಿ ನೋಡಿ ಸಂಬಂಧ ಹುಡುಕುವ, ವರದಕ್ಷಿಣೆ ಎಣಿಸಿಕೊಳ್ಳುವ ಕ್ರೈಸ್ತ ಮನೆಯವರನ್ನು ಮಾತ್ರ ಮುಂದಿನ ಬೆಂಚಿನಲ್ಲಿ ಕೂರಿಸುತ್ತೇವೆ. ವಾಕ್ಯದ ಮೊದಲ ಅರ್ಧವನ್ನು ಬಲಹೀನರಿಗೆ ಹಂಚಿ, ಎರಡನೆಯ ಅರ್ಧವನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೇವೆ.

ಎರಡನೆಯ ಅರ್ಧ ಪೂರ್ತಿ ಮರೆತುಹೋಗಿದೆಯೇ? ಇಲ್ಲ. ಉಪವಾಸ ಪ್ರಾರ್ಥನೆಗಳಲ್ಲಿ, ಇರುಳ ಜಾಗರಣೆಗಳಲ್ಲಿ ಸೈತಾನನನ್ನು ಗಟ್ಟಿದನಿಯಲ್ಲಿ ಗದರಿಸುವುದು ನಮ್ಮಲ್ಲಿ ಉಂಟು. ಆ ಪ್ರಾರ್ಥನೆಗಳನ್ನು ನಾನು ಹೀಗಳೆಯುವುದಿಲ್ಲ. ಎಷ್ಟೋ ಮುರಿದ ಮನಸ್ಸುಗಳಿಗೆ ಅಲ್ಲಿ ಆಸರೆ ಸಿಕ್ಕಿದೆ. ಆದರೆ ಕೇಡು ಯಾವಾಗಲೂ ಕಿರುಚುತ್ತ ಬರುವುದಿಲ್ಲ. ಸೇಂಟ್ ರಾಡೆಗುಂಡ್‌ಗೆ ಅದು ಬಂದದ್ದು ಸರ್ಕಾರಿ ಮುದ್ರೆಯಿದ್ದ ಒಂದು ಕಾಗದವಾಗಿ, 1943ರ ಫೆಬ್ರವರಿಯಲ್ಲಿ. ಅದನ್ನು ಒಪ್ಪಿಕೊಳ್ಳಲು ಯಾರನ್ನೂ ದ್ವೇಷಿಸಬೇಕಾಗಿರಲಿಲ್ಲ, ದೇವರನ್ನು ನಿರಾಕರಿಸಬೇಕಾಗಿಯೂ ಇರಲಿಲ್ಲ. ಎಲ್ಲರಂತೆ ಹೋದರೆ ಸಾಕಿತ್ತು. ಮಾರ್ಚ್ ಮೊದಲ ದಿನಗಳಲ್ಲಿ ಅವನು ಎನ್ಸ್ ಪಟ್ಟಣದ ದಂಡಿನ ನೆಲೆಗೆ ಹೋಗಿ, ಆಯುಧ ಹಿಡಿಯಲಾರೆ ಎಂದು ಹೇಳಿದ. ಗಾಯಾಳುಗಳ ಸೇವೆಗೆ ಸಿದ್ಧನಿದ್ದೇನೆ ಎಂದದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಲಿಂಟ್ಸ್‌ನ ಸೆರೆ, ಅಲ್ಲಿಂದ ಬರ್ಲಿನ್ನಿನ ಟೇಗೆಲ್ ಸೆರೆ, ಜುಲೈ 6ರಂದು ಮರಣದಂಡನೆ.

ಗರ್ವದಿಂದ ಎದುರಿಸುವವನೂ ಇರುತ್ತಾನೆ. ಅಂಥವನು ಎಷ್ಟು ದೂರ ನಿಲ್ಲಬಲ್ಲ ಎಂಬುದಕ್ಕೆ ಸುವಾರ್ತೆಗಳೇ ಸಾಕ್ಷಿ. ಎಲ್ಲರೂ ಬಿಟ್ಟುಹೋದರೂ ನಾನು ಬಿಡುವುದಿಲ್ಲ ಎಂದು ಎದೆತಟ್ಟಿದವನು ಪೇತ್ರ. ಗೆತ್ಸೆಮನೆಯಲ್ಲಿ ಯೇಸು ಪ್ರಾರ್ಥಿಸುತ್ತಿದ್ದಾಗ ನಿದ್ದೆಹೋದವರಲ್ಲಿ ಅವನೂ ಒಬ್ಬ; ಹಿಡಿಯಲು ಬಂದವರನ್ನು ಕಂಡು ಕತ್ತಿ ಹಿರಿದು ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದವನೂ ಅವನೇ. ಅದೇ ರಾತ್ರಿ, ಚಳಿಕಾಯಿಸುವ ಬೆಂಕಿಯ ಬಳಿ ಒಬ್ಬ ಸೇವಕಿ ಕೇಳಿದ ಪ್ರಶ್ನೆಗೆ ಅವನ ಧೈರ್ಯ ಕರಗಿಹೋಯಿತು. ಕತ್ತಿಯ ಮುಂದೆ ನಿಂತವನು ಮಾತಿನ ಮುಂದೆ ಬಿದ್ದ. ದೀನತೆಯನ್ನು ಧರಿಸಿಕೊಂಡು ಎದುರಾಳಿಯ ಮುಂದೆ ಗಟ್ಟಿಯಾಗಿ ನಿಲ್ಲಿರಿ ಎಂದು ಬೋಧಿಸುವ ಪತ್ರಿಕೆಗೆ ಪರಂಪರೆ ಇಟ್ಟಿರುವುದು ಇದೇ ಪೇತ್ರನ ಹೆಸರನ್ನು. ಬಿದ್ದು, ಅತ್ತು, ಎದ್ದವನ ಬಾಯಲ್ಲಿ ಆ ಮಾತಿಗೆ ಬೇರೆಯೇ ತೂಕ.

ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಲ್ಲಿ ಮಕಾರಿಯಸ್ ಎಂಬ ಹಿರಿಯರ ಬಗ್ಗೆ ಒಂದು ಕಥೆಯಿದೆ. ದಾರಿಯಲ್ಲಿ ಅಡ್ಡಗಟ್ಟಿದ ಸೈತಾನ ಅವರನ್ನು ಏನೂ ಮಾಡಲಾಗದೆ ದೂರುತ್ತಾನಂತೆ: ನೀನು ಉಪವಾಸ ಮಾಡುತ್ತೀ, ನಾನೂ ಮಾಡುತ್ತೇನೆ, ನೀನು ನಿದ್ದೆಗೆಡುತ್ತೀ, ನನಗೂ ನಿದ್ದೆಯಿಲ್ಲ, ನಿನ್ನ ದೀನತೆಯೊಂದರ ಮುಂದೆ ಮಾತ್ರ ನಾನು ಸೋಲುತ್ತೇನೆ. ಅಡವಿಯಲ್ಲಿ ಯೇಸುವಿಗೆ ಬಂದ ಶೋಧನೆಗಳನ್ನು ನೋಡಿ: ನಿನ್ನ ಶಕ್ತಿ ತೋರಿಸು, ನಿನ್ನ ಹೆಸರಿಗೆ ತಕ್ಕ ಪವಾಡ ಮಾಡು, ಲೋಕವನ್ನೆಲ್ಲ ನಿನ್ನದಾಗಿಸಿಕೋ. ತಾನು ಯಾರೆಂದು ಸಾಬೀತುಮಾಡುವ ಹಂಬಲವಿಲ್ಲದವನನ್ನು ಕೆಡುಕು ಹಿಡಿಯುವುದು ಎಲ್ಲಿಂದ? ಹೆದರಿಸಲು, ಆಸೆ ತೋರಿಸಲು ಅದಕ್ಕೆ ನಮ್ಮ ಅಹಂಕಾರವೇ ಹಿಡಿ. ಯೇಗರ್‌ಸ್ಟೆಟರನಿಗೆ ಊರಿನ ಮೇಯರ್ ಸ್ಥಾನ ಕೊಡಲು ಬಂದಾಗ ಅವನು ಬೇಡವೆಂದ. ಪದವಿಯ ಆಸೆಯಿಲ್ಲದವನಿಗೆ ಅದು ತಪ್ಪಿಹೋಗುವ ಭಯವೂ ಇರಲಿಲ್ಲ.

ಅವನು ಗರ್ವಿಯಾಗಿರಲಿಲ್ಲ ಎಂಬುದಕ್ಕೆ ನಾನು ಹೆಚ್ಚು ಬೆಲೆಕೊಡುವ ಗುರುತು ಬೇರೊಂದಿದೆ. ಯುದ್ಧಕ್ಕೆ ಹೋದವರನ್ನು ಅವನು ಹಳಿಯಲಿಲ್ಲ. ಸಂಕೋಲೆ ತೊಟ್ಟ ಕೈಗಳಿಂದ ಬರೆದ ಟಿಪ್ಪಣಿಗಳಲ್ಲಿ ತನಗೆ ದೊರೆತ ಕೃಪೆಯ ಮಾತಿದೆ, ಇತರರ ಮೇಲೆ ತೀರ್ಪಿಲ್ಲ. ಬಿಷಪ್ಪರ ಮೇಲೂ ಅವನು ಹಗೆ ಇಟ್ಟುಕೊಳ್ಳಲಿಲ್ಲ. ತೀರ್ಮಾನಕ್ಕೆ ಬರುವ ಮುಂಚೆ ಬೈಬಲ್ ಓದಿದ, ಪರಿಚಯದ ಪಾದ್ರಿಗಳ ಬಳಿ ಹೋದ, ಬಿಷಪ್ಪರ ಬಾಗಿಲು ತಟ್ಟಿದ. ಯಾರಾದರೂ ತನ್ನ ತಪ್ಪನ್ನು ವೇದದ ಆಧಾರದಿಂದ ತೋರಿಸಿಕೊಡಲಿ ಎಂದು ಕಾದ. ತನ್ನೂರಿನ ಹಿಂದಿನ ಪಾದ್ರಿ ಯೋಸೆಫ್ ಕಾರೊಬಾತ್ ಅವನ ಜೀವ ಉಳಿಸಲು ವಾದ ಮಾಡಿದರು. ಅವನು ಪ್ರತಿಸಲವೂ ಧರ್ಮಗ್ರಂಥದಿಂದಲೇ ತನ್ನನ್ನು ಸೋಲಿಸಿದ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ತಿದ್ದಿಸಿಕೊಳ್ಳಲು ಸಿದ್ಧನಾಗಿ ಇಷ್ಟು ಬಾಗಿಲು ತಟ್ಟಿದವನನ್ನು ಹಟಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೂ ಒಂದು ಆಕ್ಷೇಪ ನನ್ನನ್ನು ನಿಜವಾಗಿ ತಡೆದು ನಿಲ್ಲಿಸುತ್ತದೆ. ಮೂವರು ಪುಟ್ಟ ಹೆಣ್ಣುಮಕ್ಕಳು. ದೊಡ್ಡವಳಿಗೆ ಆರು ತುಂಬಿರಲಿಲ್ಲ. ಹೊಲ, ಹಸುಗಳು, ವಯಸ್ಸಾದ ತಾಯಿ. ಒಬ್ಬ ರೈತ ಸತ್ತರೆ ಹಿಟ್ಲರನ ಯುದ್ಧ ಒಂದು ಗಳಿಗೆಯೂ ನಿಲ್ಲುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ತನ್ನ ಆತ್ಮ ಶುದ್ಧವಾಗಿರಲೆಂದು ಮಕ್ಕಳನ್ನು ತಬ್ಬಲಿ ಮಾಡುವುದು ಕೂಡ ಒಂದು ಬಗೆಯ ಸ್ವಾರ್ಥವಲ್ಲವೇ? ಈ ಪ್ರಶ್ನೆಗೆ ನೋವಿಲ್ಲದ ಉತ್ತರವಿಲ್ಲ, ಇದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಆದರೆ ಅದೇ ದಿನಗಳಲ್ಲಿ ರಷ್ಯಾದ, ಪೋಲೆಂಡಿನ ಹಳ್ಳಿಗಳಲ್ಲಿಯೂ ಮಕ್ಕಳಿದ್ದರು. ತನ್ನ ಮಕ್ಕಳಿಗೆ ಅಪ್ಪನನ್ನು ಉಳಿಸಿಕೊಡಲು ಆ ಮಕ್ಕಳ ಅಪ್ಪಂದಿರ ಕಡೆಗೆ ಬಂದೂಕು ಹಿಡಿಯುವುದು ಅವನಿಗೆ ಆಗಲಿಲ್ಲ. ತನ್ನ ಮನೆ ಮಾತ್ರ ದೇವರ ಲೆಕ್ಕದಲ್ಲಿದೆ ಎಂದುಕೊಳ್ಳದಿರುವುದೂ ದೀನತೆಯೇ.

ಈ ಪ್ರಶ್ನೆಗೆ ಉತ್ತರಿಸುವ ಹಕ್ಕು ಯಾರಿಗಾದರೂ ಇದ್ದರೆ ಅದು ಫ್ರಾಂಜಿಸ್ಕಾಗೆ. ಮೊದಲು ಆಕೆಯೂ ಬೇಡವೆಂದು ಬೇಡಿಕೊಂಡಳು. ಎಲ್ಲರೂ ಅವನ ಮೇಲೆ ಬೀಳುವುದನ್ನು ಕಂಡ ಮೇಲೆ ನಾನೂ ಕೈಬಿಟ್ಟರೆ ಇವನಿಗೆ ಯಾರೂ ಇರುವುದಿಲ್ಲ ಎಂದು ಅವನ ಪಕ್ಕಕ್ಕೆ ನಿಂತಳು. ಗಂಡ ಸತ್ತ ಮೇಲೆ ಹೊಲ ಉತ್ತು ಮಕ್ಕಳನ್ನು ಸಾಕಿದಳು, ಗಂಡ ಬಿಟ್ಟುಹೋದ ಚರ್ಚಿನ ಸೇವೆಯನ್ನೂ ನಡೆಸಿದಳು. ನೀನೇ ಅವನಿಗೆ ಭಕ್ತಿಯ ಹುಚ್ಚು ಹಿಡಿಸಿದ್ದು ಎಂದು ಊರು ಚುಚ್ಚಿತು. ವರ್ಷಗಳವರೆಗೆ ವಿಧವಾ ವೇತನ ಕೊಡದೆ ಸತಾಯಿಸಲಾಯಿತು.

ಇನ್ನು ಕೆಡುಕನನ್ನು ಎದುರಿಸಬೇಡ, ಇನ್ನೊಂದು ಕೆನ್ನೆಯನ್ನೂ ಒಡ್ಡು ಎಂದು ಬೆಟ್ಟದ ಮೇಲೆ ಹೇಳಿದ ಯೇಸುವಿನ ಬೋಧನೆ. ಯಾಕೋಬ ಎದುರಿಸು ಎನ್ನಲು ಬಳಸುವ ಗ್ರೀಕ್ ಕ್ರಿಯಾಪದವೇ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಎದುರಿಸಬೇಡ ಎನ್ನುವಲ್ಲಿ ಬರುತ್ತದೆ. ಒಂದು ಇನ್ನೊಂದನ್ನು ಅಳಿಸುತ್ತದೆಯೇ? ಯೇಸು ತಾನು ಹೇಳಿದ್ದನ್ನು ಹೇಗೆ ಬಾಳಿದ ಎಂದು ನೋಡಿದರೆ ಗೊಂದಲ ಉಳಿಯುವುದಿಲ್ಲ. ಮಹಾಯಾಜಕನ ಮನೆಯಲ್ಲಿ ಕಾವಲುಗಾರ ಕೆನ್ನೆಗೆ ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಇದಿದೆ. ಹೊಡೆದವನನ್ನು ದ್ವೇಷಿಸದೆ, ಹೊಡೆತವನ್ನು ಒಪ್ಪದೆ ನಿಂತ ದಾರಿ ಅದು. ಯೇಗರ್‌ಸ್ಟೆಟರ್ ಹಿಡಿದದ್ದು ಅದೇ ದಾರಿ. ಯಾರ ಮೇಲೂ ಕೈಯೆತ್ತಲಿಲ್ಲ, ಯಾರ ಬಲವಂತಕ್ಕೂ ಕೈಜೋಡಿಸಲಿಲ್ಲ.

ಸಭೆ ಅವನನ್ನು ಅರ್ಥಮಾಡಿಕೊಳ್ಳಲು ಬಹುಕಾಲ ಹಿಡಿಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅವನ ಬಗ್ಗೆ ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಬರೆಯುವುದಕ್ಕೂ ಬಿಷಪ್ ಫ್ಲೀಸರ್ ಒಪ್ಪಲಿಲ್ಲ. ಕರ್ತವ್ಯವೆಂದು ಹೋರಾಡಿ ಸತ್ತ ಯುವಕರೇ ದೊಡ್ಡ ವೀರರು ಎಂಬುದು ಅವರ ನಿಲುವು. ಅಮೆರಿಕದ ಸಮಾಜಶಾಸ್ತ್ರಜ್ಞ ಗಾರ್ಡನ್ ಜಾನ್ 1964ರಲ್ಲಿ ಅವನ ಬಗ್ಗೆ ಪುಸ್ತಕ ಬರೆದ ಮೇಲೆ ಹೊರಲೋಕಕ್ಕೆ ಈ ಕಥೆ ಗೊತ್ತಾಯಿತು. ಎರಡನೆಯ ವ್ಯಾಟಿಕನ್ ಸಮ್ಮೇಳನದಲ್ಲಿ ಅವನ ಹೆಸರೆತ್ತಿ ವಾದಿಸಿದವರು ನಮ್ಮ ಪಶ್ಚಿಮ ಕರಾವಳಿಯ ನಂಟಿದ್ದ ಒಬ್ಬ ಇಂಗ್ಲಿಷ್ ಜೆಸ್ವಿಟ್: ಬೊಂಬಾಯಿಯ ಆರ್ಚ್‌ಬಿಷಪ್ ಆಗಿದ್ದ ಥಾಮಸ್ ರಾಬರ್ಟ್ಸ್. ಭಾರತದ ಸಭೆಯನ್ನು ಭಾರತೀಯರೇ ನಡೆಸಬೇಕೆಂದು ನಂಬಿ ಅವರು ತಮ್ಮ ಪೀಠದಿಂದ ತಾವಾಗಿ ಸರಿದು ವಲೇರಿಯನ್ ಗ್ರೇಶಿಯಸ್ ಅವರಿಗೆ ದಾರಿ ಮಾಡಿಕೊಟ್ಟವರು. ಮೇಲಿನಿಂದ ತಾನಾಗಿ ಕೆಳಗಿಳಿದ ಒಬ್ಬ ಬಿಷಪ್ಪರಿಗೆ ಆ ರೈತನ ಭಾಷೆ ತಿಳಿದದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಸಭೆಗಳಲ್ಲಿ ಬೋಧಿಸುವ ಹೊಣೆ ಹೊತ್ತವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಯಾಕೋಬನ ಆ ಅಧ್ಯಾಯವನ್ನು ಓದುವಾಗ ಮೊದಲ ಮಾತಿಗೇ ನಿಲ್ಲಿಸಬೇಡಿ. ಅಳುತ್ತ ಬಂದವಳ ಕಿವಿಗೂ, ಅಳಿಸಿದವನ ಕಿವಿಗೂ ಅದನ್ನು ಪೂರ್ತಿಯಾಗಿ ಓದಿ.

ಬರ್ಲಿನ್ನಿನ ನ್ಯಾಯಾಲಯ ಯೇಗರ್‌ಸ್ಟೆಟರನ ಮರಣದಂಡನೆಯ ತೀರ್ಪನ್ನು ರದ್ದುಮಾಡಿದ್ದು 1997ರಲ್ಲಿ. 2007ರ ಅಕ್ಟೋಬರ್ 26ರಂದು ಲಿಂಟ್ಸ್‌ನ ಮಹಾದೇವಾಲಯದಲ್ಲಿ, ಅವನನ್ನು ಬರಿಗೈಯಲ್ಲಿ ಕಳಿಸಿದ ಅದೇ ಊರಿನಲ್ಲಿ, ಅವನನ್ನು ಧನ್ಯನೆಂದು ಸಾರಲಾಯಿತು. ಅಂದು ಬಿಷಪ್ಪರ ಮನೆಯ ಹೊರಗೆ ಕಾದಿದ್ದ ಫ್ರಾಂಜಿಸ್ಕಾ ಈ ಸಲ ಒಳಗಿದ್ದರು. ಅವರಿಗೆ ಆಗ 94 ವರ್ಷ.